ಮಾಗಿಯ ಮುಂಜಾವಿನ ನೀಲಿ ಹೊಗೆ

ಮಲೆನಾಡಿನ ಮನೆಗಳಲ್ಲಿ ಬೆಳೆದವರಿಗೆ ಬಚ್ಚಲೊಲೆಯ ಹೊಗೆ ಬಾಲ್ಯದಿಂದಲೇ ಪರಿಚಿತ. ರಾತ್ರಿಯೆಲ್ಲ ತಣ್ಣಗಾಗಿದ್ದ ಒಲೆಗೆ ಬೆಳಗಿನ ಜಾವ ಹಸಿ ಸೌದೆ ಒಡ್ಡಿ ಬೆಂಕಿ ಹಚ್ಚಿದರೆ ಮೊದಲು ಏಳುವುದು ಉರಿಯಲ್ಲ, ಹೊಗೆ. ಸೌದೆಯ ಪಸೆ ಆರಿ, ಒಲೆಯ ಕಲ್ಲು ಕಾದು, ಉರಿ ಹತ್ತಿಕೊಂಡ ಮೇಲೆ ಹೊಗೆ ತಾನಾಗಿಯೇ ಅಡಗುತ್ತದೆ. ದೆಹಲಿಯ ಮಾಗಿಯ ಮುಂಜಾನೆ ಹಳೆಯ ಮೋಟಾರು ಕಾರೊಂದನ್ನು ಚಾಲೂ ಮಾಡಿದಾಗ ಆಗುವುದೂ ಬಹುಮಟ್ಟಿಗೆ ಇದೇ. ಆದರೆ ಬಚ್ಚಲೊಲೆಯ ಹೊಗೆ ಹೆಂಚಿನ ಸಂದಿಗಳಿಂದ ಮೇಲೇರಿ ತೋಟದ ಮರಗಳ ನಡುವೆ ಕರಗಿಹೋಗುತ್ತಿತ್ತು. ದೆಹಲಿಯ ಕಾರಿನ ಹೊಗೆಗೆ ಹಾಗೆ ಕರಗಲು ಸ್ಥಳವೂ ಇಲ್ಲ, ಗಾಳಿಯೂ ಇಲ್ಲ.

ರಾಜಧಾನಿಗೂ ವಿಶಿಷ್ಟ ಕಾರುಗಳಿಗೂ ಇರುವ ನಂಟು ಇಂದಿನದಲ್ಲ. ಆಮದಿನ ಮೇಲೆ ಬಿಗಿಯಾದ ನಿರ್ಬಂಧಗಳಿದ್ದ ಕಾಲದಲ್ಲಿ ವಿದೇಶೀ ರಾಯಭಾರ ಕಚೇರಿಗಳವರು ಬಳಸಿ ಬಿಟ್ಟ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ನಿನ ಮೂಲಕ ಇಲ್ಲಿ ಕೈಬದಲಾಗುತ್ತಿದ್ದವು. 'ಸ್ಟೇಟ್ಸ್‌ಮನ್' ಪತ್ರಿಕೆಯ ಹಳೆಯ ಕಾರುಗಳ ರ‍್ಯಾಲಿ ದೆಹಲಿಯಲ್ಲಿ ಆರಂಭವಾದುದು 1964ರಲ್ಲಿ. 1991ರ ಆರ್ಥಿಕ ಸುಧಾರಣೆಗಳ ಅನಂತರ ಪೇಟೆ ತೆರೆದುಕೊಂಡಿತು. ಗುರುಗ್ರಾಮ, ನೋಯ್ಡಾಗಳು ಬೆಳೆದಂತೆ ವೇಗದ ಕಾರುಗಳೂ ಬೆಳೆದವು. ಕೆಲವು ವರ್ಷ ಕಳೆದ ಮೇಲೆ ಅವೇ ಕಾರುಗಳು ಎರಡನೆಯ, ಮೂರನೆಯ ಒಡೆಯರ ಕೈಗೆ ಬಂದವು.

ಅಂತಹ ಒಡೆಯರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಧಾರವಾಡದ ಕಡೆಯಿಂದ ಕೇಂದ್ರ ಸರ್ಕಾರದ ನೌಕರಿಗೆಂದು ಬಂದು, ಡಿ.ಟಿ.ಸಿ. ಬಸ್ಸಿನಲ್ಲಿಯೂ ಅನಂತರ ಸ್ಕೂಟರಿನಲ್ಲಿಯೂ ಅರ್ಧ ಆಯುಷ್ಯ ಕಳೆದು, ಮಕ್ಕಳು ನೆಲೆಗೊಂಡ ಮೇಲೆ ಬಾಲ್ಯದ ಆಸೆಯೊಂದನ್ನು ತೀರಿಸಿಕೊಂಡವರು. 2012ರಲ್ಲಿ ನೋಂದಣಿಯಾದ, ಎರಡೇ ಬಾಗಿಲಿನ ಪೆಟ್ರೋಲು ಕಾರು. ದ್ವಾರಕೆಯ ವಸತಿ ಸಮುಚ್ಚಯದಲ್ಲಿ, ಕಂಬಗಳ ಮೇಲೆ ನಿಂತ ಕಟ್ಟಡದಡಿ ಅದರ ವಾಸ. ಭಾನುವಾರ ಬೆಳಗ್ಗೆ ಏಳು ಗಂಟೆಗೆ ಅವರು ಕೀಲಿ ತಿರುಗಿಸುತ್ತಾರೆ, ಇಂಜಿನ್ ಗುಡುಗುತ್ತದೆ, ಹಿಂದಿನಿಂದ ನೀಲಿ ಛಾಯೆಯ ಹೊಗೆಯ ಮೋಡವೊಂದು ಹೊರಟು ನೆಲಮಟ್ಟದಲ್ಲಿಯೇ ಹರಡುತ್ತದೆ. ಎರಡು ನಿಮಿಷದಲ್ಲಿ ಎಲ್ಲವೂ ತಿಳಿಯಾಗುತ್ತದೆ. "ಹಳೆಯ ಗಾಡಿ, ಸ್ವಲ್ಪ ಹೊಗೆ ಸಹಜ" ಎಂದು ಅವರು ಸಮಾಧಾನ ತಂದುಕೊಳ್ಳುತ್ತಾರೆ. ಆ ಸಮಾಧಾನ ಎಷ್ಟರಮಟ್ಟಿಗೆ ಸರಿ ಎಂಬುದೇ ಇಲ್ಲಿ ಪರಿಶೀಲಿಸಬೇಕಾದ ವಿಷಯ.

ಹೊಗೆಯ ಬಣ್ಣವೇ ಅದರ ಭಾಷೆ

ವೈದ್ಯನು ನಾಲಗೆಯ ಬಣ್ಣ ನೋಡಿ ರೋಗವನ್ನು ಊಹಿಸುವಂತೆ ಅನುಭವಿ ಮೆಕ್ಯಾನಿಕನು ಹೊಗೆಯ ಬಣ್ಣ ನೋಡಿ ಇಂಜಿನ್ನಿನ ಸ್ಥಿತಿಯನ್ನು ಊಹಿಸುತ್ತಾನೆ. ತೆಳುವಾದ ಬಿಳಿ ಹೊಗೆ ವಾಸ್ತವವಾಗಿ ಹೊಗೆಯೇ ಅಲ್ಲ; ಅದು ನೀರಿನ ಆವಿ. ಒಂದು ಲೀಟರ್ ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟು ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ. ತಣ್ಣಗಿನ ಸೈಲೆನ್ಸರಿನಲ್ಲಿ ಆ ಆವಿ ಮಂಜಿನಂತೆ ಕಾಣುತ್ತದೆ, ಕೆಲವು ಹನಿಗಳಾಗಿ ತೊಟ್ಟಿಕ್ಕುತ್ತದೆ, ಕೊಳವೆ ಬಿಸಿಯಾದೊಡನೆ ಮಾಯವಾಗುತ್ತದೆ. ಇದರಲ್ಲಿ ಭಯಪಡುವಂತಹುದೇನೂ ಇಲ್ಲ. ಆದರೆ ಇಂಜಿನ್ ಕಾದ ಮೇಲೂ ದಟ್ಟವಾದ ಬಿಳಿ ಹೊಗೆ ನಿಲ್ಲದೆ, ಅದರಲ್ಲಿ ಸಿಹಿಯಾದ ವಾಸನೆ ಸೇರಿದ್ದರೆ, ಹೆಡ್ ಗ್ಯಾಸ್ಕೆಟ್ ಸೋರಿ ಕೂಲೆಂಟ್ ದ್ರವ ಸಿಲಿಂಡರಿನೊಳಗೆ ನುಗ್ಗುತ್ತಿದೆ ಎಂದು ಶಂಕಿಸಬೇಕು. ಅಂತಹ ಕಾರನ್ನು ಓಡಿಸದೆ ನೇರವಾಗಿ ವರ್ಕ್‌ಶಾಪಿಗೆ ಸಾಗಿಸುವುದು ಕ್ಷೇಮ.

ಕಪ್ಪು ಹೊಗೆ ಎಂದರೆ ಪೆಟ್ರೋಲು ಹೆಚ್ಚು, ಗಾಳಿ ಕಡಿಮೆ. ಕಾರ್ಬ್ಯುರೇಟರ್ ಇರುವ ಹಳೆಯ ಕಾರುಗಳಲ್ಲಿ ಚೋಕ್ ಸಿಕ್ಕಿಕೊಂಡಿರಬಹುದು. ಹೊಸ ಕಾರುಗಳಲ್ಲಿ ಇಂಜೆಕ್ಟರ್ ಸೋರುತ್ತಿರಬಹುದು ಅಥವಾ ಏರ್ ಫಿಲ್ಟರ್ ದೂಳಿನಿಂದ ಕಟ್ಟಿಕೊಂಡಿರಬಹುದು.

ನೀಲಿ ಹೊಗೆ ಎಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ ಎಂದೇ ಅರ್ಥ. ಅದು ಯಾವಾಗ ಕಾಣಿಸಿಕೊಳ್ಳುತ್ತದೆ ಎಂಬುದು ಮುಖ್ಯ. ರಾತ್ರಿಯೆಲ್ಲ ನಿಂತ ಕಾರು ಬೆಳಗ್ಗೆ ಮಾತ್ರ ನೀಲಿ ಹೊಗೆ ಬಿಟ್ಟು ಸುಮ್ಮನಾದರೆ, ವಾಲ್ವ್‌ಗಳ ಕಾಂಡಕ್ಕೆ ತೊಡಿಸಿದ ರಬ್ಬರ್ ಸೀಲ್‌ಗಳು ಗಟ್ಟಿಯಾಗಿ, ಆಯಿಲ್ ಹನಿಹನಿಯಾಗಿ ಇಳಿದಿರುವ ಸಂಭವ ಹೆಚ್ಚು. ರಸ್ತೆಯಲ್ಲಿ ವೇಗ ಹೆಚ್ಚಿಸಿದಾಗಲೂ ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗುಗಳು ಸವೆದಿರಬಹುದು. ಮೊದಲನೆಯದು ಸಾಮಾನ್ಯ ರಿಪೇರಿ. ಎರಡನೆಯದು ಇಂಜಿನ್ನನ್ನೇ ಬಿಚ್ಚಬೇಕಾದ ದೊಡ್ಡ ಶಸ್ತ್ರಚಿಕಿತ್ಸೆ.

ಕ್ರೀಡಾ ಕಾರುಗಳಲ್ಲಿ ಇನ್ನೊಂದು ವಿಶೇಷವುಂಟು. ಸಾಧಾರಣ ಕಾರುಗಳ ಸಿಲಿಂಡರುಗಳು ನೆಟ್ಟಗೆ ನಿಂತಿರುತ್ತವೆ. 1963ರಲ್ಲಿ ಮೊದಲು ಪ್ರದರ್ಶಿತವಾದ ಪೋರ್ಷೆ 911ರಂತಹ ಕಾರುಗಳಲ್ಲಿ ಆರು ಸಿಲಿಂಡರುಗಳೂ ಅಡ್ಡಲಾಗಿ ಮಲಗಿರುತ್ತವೆ. ಕಾರು ನಿಂತಾಗ ಉಳಿದ ಆಯಿಲ್ ಕೆಳಗಿಳಿಯದೆ ಸಿಲಿಂಡರಿನ ಗೋಡೆಯ ಮೇಲೆಯೇ ನಿಂತು, ರಿಂಗುಗಳ ಸಂದಿಯಿಂದ ತುಸುತುಸುವೇ ಜಿನುಗುತ್ತದೆ. ಇಳಿಜಾರಿನಲ್ಲಿ ನಿಲ್ಲಿಸಿದ್ದರೆ, ಬಹುದಿನ ಓಡಿಸದಿದ್ದರೆ, ಈ ಜಿನುಗು ಹೆಚ್ಚು. ಆದುದರಿಂದ ಇಂತಹ ಕಾರು ಒಮ್ಮೊಮ್ಮೆ ಒಂದು ಉಸಿರಿನಷ್ಟು ನೀಲಿ ಹೊಗೆ ಬಿಡುವುದು ದೋಷವಲ್ಲ, ರಚನೆಯ ಫಲ. ಆದರೆ ಪ್ರತಿದಿನವೂ ಬಂದರೆ, ನಿಮಿಷಗಟ್ಟಲೆ ನಿಂತರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಮಟ್ಟ ಇಳಿಯುತ್ತಿದ್ದರೆ, "ಸಹಜ" ಎಂಬ ಮಾತಿಗೆ ಆಧಾರ ಉಳಿಯುವುದಿಲ್ಲ.

ಮೊದಲ ಎರಡು ನಿಮಿಷಗಳ ಮಹಿಮೆ

ಹೊಗೆ ಕಣ್ಣಿಗೆ ಕಾಣುವ ಭಾಗ ಮಾತ್ರ. ಕಾಣದ ಭಾಗ ಇನ್ನೂ ದೊಡ್ಡದು. ತಣ್ಣಗಿನ ಇಂಜಿನ್ನಿನಲ್ಲಿ ಪೆಟ್ರೋಲು ಚೆನ್ನಾಗಿ ಆವಿಯಾಗದ ಕಾರಣ ಇಂಜಿನ್ನಿಗೆ ಬೇಕಾದುದಕ್ಕಿಂತ ಹೆಚ್ಚು ಪೆಟ್ರೋಲನ್ನು ಊಡಬೇಕಾಗುತ್ತದೆ. ಅದರಲ್ಲಿ ಒಂದು ಪಾಲು ಪೂರ್ಣ ಉರಿಯದೆ ಹೊರಬೀಳುತ್ತದೆ. ಅದನ್ನು ಶುದ್ಧಿಗೊಳಿಸಬೇಕಾದ ಕೆಟಲಿಟಿಕ್ ಕನ್ವರ್ಟರ್ ಎಂಬ ಸಾಧನವು ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಏರುವವರೆಗೆ ತನ್ನ ಕೆಲಸವನ್ನು ಸರಿಯಾಗಿ ಆರಂಭಿಸುವುದೇ ಇಲ್ಲ. ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಲ್ಲಿ ಹೊಸ ಪೆಟ್ರೋಲು ಕಾರುಗಳಿಗೆ ಈ ಸಾಧನ ಕಡ್ಡಾಯವಾದುದು 1995ರಲ್ಲಿ. ಅದು ಎಷ್ಟೇ ಉತ್ತಮವಾಗಿದ್ದರೂ ಮೊದಲ ಒಂದೆರಡು ನಿಮಿಷ ನಿದ್ರೆಯಲ್ಲಿಯೇ ಇರುತ್ತದೆ. ಇದರ ಮೇಲೆ ಆಯಿಲ್ ಬೇರೆ ಉರಿಯುತ್ತಿದ್ದರೆ, ಆಯಿಲ್‌ನಲ್ಲಿರುವ ರಂಜಕದಂತಹ ವಸ್ತುಗಳು ಕನ್ವರ್ಟರಿನ ಮೇಲ್ಮೈಯನ್ನು ಮುಚ್ಚಿ ಅದನ್ನು ಕಾಲಕ್ರಮೇಣ ನಿರುಪಯೋಗಿಯಾಗಿಸುತ್ತವೆ. ಹೀಗೆ ಬೆಳಗಿನ ಎರಡು ನಿಮಿಷಗಳ ಹೊಗೆ ದಿನವಿಡೀ ಗಾಳಿಯನ್ನು ಕೆಡಿಸುವ ದಾರಿಯನ್ನು ತೆರೆಯುತ್ತದೆ.

ಊರಿನ ಹವೆಯ ವ್ಯತ್ಯಾಸವೂ ಇಲ್ಲಿ ಗಮನಾರ್ಹ. ಡಿಸೆಂಬರ್-ಜನವರಿಗಳಲ್ಲಿ ಬೆಂಗಳೂರಿನ ಬೆಳಗಿನ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿದ್ದರೆ, ದೆಹಲಿಯಲ್ಲಿ ಅದು ಎಷ್ಟೋ ದಿನ 5 ಡಿಗ್ರಿಯ ಸಮೀಪಕ್ಕೆ ಇಳಿಯುತ್ತದೆ. ಆಯಿಲ್ ಅಷ್ಟರಮಟ್ಟಿಗೆ ಮಂದವಾಗುತ್ತದೆ, ಸೀಲ್‌ಗಳು ಅಷ್ಟರಮಟ್ಟಿಗೆ ಬಿರುಸಾಗುತ್ತವೆ. ಇದಕ್ಕಿಂತ ಮುಖ್ಯವಾದುದು ವಾತಾವರಣದ ಸ್ಥಿತಿ. ಮಾಗಿಯ ರಾತ್ರಿಯಲ್ಲಿ ನೆಲ ಬೇಗ ತಣಿದು, ತಣ್ಣಗಿನ ಗಾಳಿ ಕೆಳಗೂ ಬೆಚ್ಚಗಿನ ಗಾಳಿ ಮೇಲೂ ನಿಲ್ಲುತ್ತವೆ. ಪಾತ್ರೆಯ ಮೇಲೆ ಮುಚ್ಚಳವಿಟ್ಟಂತೆ ಈ ಬೆಚ್ಚಗಿನ ಪದರ ಹೊಗೆಯನ್ನು ಮೇಲೇರಗೊಡುವುದಿಲ್ಲ. ಬಿಸಿಲೇರಿದ ಮೇಲೆಯೇ ಆ ಮುಚ್ಚಳ ತೆರೆಯುತ್ತದೆ. ಅಂದರೆ ಇಂಜಿನ್ ಅತ್ಯಂತ ಕೊಳಕಾಗಿ ಉಸಿರಾಡುವ ಗಳಿಗೆಯೂ ಗಾಳಿ ಅತ್ಯಂತ ಅಸಹಾಯಕವಾಗಿರುವ ಗಳಿಗೆಯೂ ಒಂದೇ ಆಗಿರುತ್ತವೆ.

ಯಾರ ಶ್ವಾಸಕ್ಕೆ ಈ ಹೊಗೆ?

ಈ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿನೊಡನೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಬೆಸೆದುಕೊಳ್ಳುತ್ತದೆ. ಮೊದಲು ತಲೆನೋವು, ಓಕರಿಕೆ, ತಲೆಸುತ್ತು. ಮುಚ್ಚಿದ ಸ್ಥಳದಲ್ಲಿ ಪ್ರಮಾಣ ಹೆಚ್ಚಿದರೆ ಪ್ರಾಣಾಪಾಯ. ಷಟರ್ ಎಳೆದ ಗ್ಯಾರೇಜಿನಲ್ಲಿ ಕಾರನ್ನು "ಸ್ವಲ್ಪ ಬಿಸಿಯಾಗಲಿ" ಎಂದು ಚಾಲೂ ಇಡುವುದು ಎಂದಿಗೂ ಕೂಡದು. ಪೂರ್ಣ ಉರಿಯದ ಪೆಟ್ರೋಲಿನಲ್ಲಿರುವ ಬೆನ್ಜೀನ್ ಕ್ಯಾನ್ಸರ್‌ಕಾರಕ. ಆಯಿಲ್ ಉರಿದಾಗ ಹುಟ್ಟುವ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಹೊರಗಿನ ಗಾಳಿಯ ಮಾಲಿನ್ಯವನ್ನೇ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2013ರಲ್ಲಿ ವರ್ಗೀಕರಿಸಿತು. ಪಿ.ಎಂ. 2.5 ಎಂಬ ಸೂಕ್ಷ್ಮ ಕಣಗಳ ವಾರ್ಷಿಕ ಸರಾಸರಿ ಘನ ಮೀಟರಿಗೆ 5 ಮೈಕ್ರೋಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ 2021ರ ಸಲಹೆ. ಭಾರತದ ಮಾನದಂಡ 40. ದೆಹಲಿ ಈ ಎರಡನ್ನೂ ಬಹುದೂರ ಹಿಂದೆ ಬಿಟ್ಟ ನಗರ.

ಇಂತಹ ನಗರದಲ್ಲಿ ಒಂದು ಕಾರಿನ ಎರಡು ನಿಮಿಷದ ಹೊಗೆ ಏನು ಮಹಾ ಎಂದು ಕೇಳಬಹುದು. ನಗರದ ಲೆಕ್ಕದಲ್ಲಿ ಅದು ಹನಿಯಷ್ಟೇ, ನಿಜ. ಆದರೆ ಹೊಗೆ ನಗರದ ಲೆಕ್ಕಕ್ಕೆ ಸೇರುವ ಮೊದಲು ಹತ್ತು ಅಡಿಯ ಒಳಗಿರುವವರ ಮೂಗಿಗೆ ಸೇರುತ್ತದೆ. ಬಚ್ಚಲೊಲೆಯಲ್ಲಿ ಹೊಗೆ ಮೊದಲು ಬೀಳುತ್ತಿದ್ದುದು ಒಲೆ ಊದುವವರ ಕಣ್ಣಿಗೇ. ಕಾರಿನಲ್ಲಾದರೋ ಕೀಲಿ ತಿರುಗಿಸಿದವರು ಮುಂದೆ, ಗಾಜು ಏರಿಸಿದ ಒಳಗೆ. ಹೊಗೆ ಹಿಂದೆ, ಹೊರಗೆ. ಬೆಳಗಿನ ಚಳಿಯಲ್ಲಿ ಬಕೆಟ್ಟು, ಬಟ್ಟೆ ಹಿಡಿದು ಸಾಲು ಕಾರುಗಳನ್ನು ಒರೆಸುತ್ತಿರುವ ಹುಡುಗ, ರಾತ್ರಿಪಾಳಿ ಮುಗಿಸಲಿರುವ ಚೌಕೀದಾರ, ಮೊದಲ ಮಹಡಿಯ ಕಿಟಕಿಯೊಳಗೆ ಮಲಗಿರುವ ದಮ್ಮಿನ ಮಗು—ಅದರ ಪಾಲುದಾರರು ಇವರು. ಅವರಲ್ಲಿ ಯಾರೂ ಆ ಕಾರಿನಲ್ಲಿ ಕುಳಿತವರಲ್ಲ.

ಪ್ರಮಾಣಪತ್ರಕ್ಕೆ ಕಾಣದ ಹೊಗೆ

"ಪಿ.ಯು.ಸಿ. ಇದೆಯಲ್ಲ" ಎಂಬುದು ಅನೇಕರ ಉತ್ತರ. ಪೆಟ್ರೋಲು ಕಾರಿನ ಈ ಪರೀಕ್ಷೆಯಲ್ಲಿ ಅಳೆಯುವುದು ಕಾದ ಇಂಜಿನ್ನಿನ, ನಿಂತಲ್ಲೇ ಓಡುವಾಗಿನ ಅನಿಲಗಳನ್ನು. ಕಾರು ಪರೀಕ್ಷಾ ಕೇಂದ್ರಕ್ಕೆ ತಲುಪುವಷ್ಟರಲ್ಲಿ ಮುಂಜಾವಿನ ಹೊಗೆ ಅಡಗಿರುತ್ತದೆ. ಕಾಗದ ಸುಳ್ಳಲ್ಲ; ಅದು ಬೇರೆ ಗಳಿಗೆಯ ಸತ್ಯ.

ಕಾನೂನಿನ ದೃಷ್ಟಿ ಹೆಚ್ಚಾಗಿ ಕಾರಿನ ವಯಸ್ಸಿನ ಮೇಲಿದೆ. ರಾಜಧಾನಿ ವಲಯದಲ್ಲಿ 10 ವರ್ಷ ಮೀರಿದ ಡೀಸೆಲ್ ವಾಹನಗಳೂ 15 ವರ್ಷ ಮೀರಿದ ಪೆಟ್ರೋಲು ವಾಹನಗಳೂ ಸಂಚರಿಸಬಾರದೆಂಬ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶಗಳನ್ನು ಸರ್ವೋಚ್ಚ ನ್ಯಾಯಾಲಯವು 2018ರ ಅಕ್ಟೋಬರಿನಲ್ಲಿ ಎತ್ತಿಹಿಡಿಯಿತು. 2025ರ ಜುಲೈ 1ರಂದು ಅಂತಹ ವಾಹನಗಳಿಗೆ ಬಂಕುಗಳಲ್ಲಿ ಇಂಧನ ನಿರಾಕರಿಸುವ ಕ್ರಮ ದೆಹಲಿಯಲ್ಲಿ ಆರಂಭವಾಗಿ ಕೆಲವೇ ದಿನಗಳಲ್ಲಿ ನಿಂತಿತು. ಅದೇ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇವಲ ವಯಸ್ಸಿನ ಕಾರಣಕ್ಕೆ ಬಲವಂತದ ಕ್ರಮ ಬೇಡವೆಂದಿತು. ಡಿಸೆಂಬರಿನಲ್ಲಿ ಆ ರಕ್ಷಣೆಯನ್ನು ಬಿ.ಎಸ್. 4 ಮತ್ತು ಅದಕ್ಕಿಂತ ಹೊಸ ಮಾನದಂಡದ ವಾಹನಗಳಿಗೆ ಸೀಮಿತಗೊಳಿಸಿತು. 50 ವರ್ಷ ಮೀರಿದ ಕಾರುಗಳಿಗೆ 2021ರ ನಿಯಮಗಳಂತೆ ವಿಂಟೇಜ್ ನೋಂದಣಿ ಉಂಟು. ಆದರೆ ಅವು ನಿತ್ಯದ ಓಡಾಟಕ್ಕಲ್ಲ.

ಹದಿನೈದರ ಗಡಿ ಸಮೀಪಿಸಿದಾಗ ನಿರಾಕ್ಷೇಪಣ ಪತ್ರ ಪಡೆದು ಕಾರನ್ನು ಊರಿಗೆ ಸಾಗಿಸುವವರೂ ಇದ್ದಾರೆ. ಅದರಿಂದ ಕಾನೂನಿನ ಗಂಟು ಬಿಚ್ಚಬಹುದು. ಸೋರುವ ಸೀಲ್ ಮಾತ್ರ ಕಾರಿನೊಡನೆಯೇ ಪ್ರಯಾಣ ಮಾಡಿ, ಹುಬ್ಬಳ್ಳಿಯಲ್ಲೋ ಮೈಸೂರಿನಲ್ಲೋ ಇನ್ನೊಂದು ಕಿಟಕಿಯ ಕೆಳಗೆ ಹೊಗೆಯಾಡುತ್ತದೆ.

ಅನುಸರಿಸಬಹುದಾದ ಕ್ರಮಗಳು

ಮೊದಲನೆಯದಾಗಿ, ರೋಗನಿದಾನ. ಆಯಿಲ್ ಮಟ್ಟವನ್ನು ತಿಂಗಳಿಗೊಮ್ಮೆ ನೋಡಿ, ಸಾವಿರ ಕಿಲೋಮೀಟರಿಗೆ ಎಷ್ಟು ಖರ್ಚಾಯಿತೆಂದು ಬರೆದಿಡಬೇಕು. ಕಂಪ್ರೆಷನ್ ಪರೀಕ್ಷೆ ಮಾಡಿಸಿದರೆ ದೋಷ ರಿಂಗಿನದೋ ಸೀಲಿನದೋ ಎಂಬುದು ಬಹುಮಟ್ಟಿಗೆ ಗೊತ್ತಾಗುತ್ತದೆ. ಬಿಡಿಭಾಗಗಳಿಗೆ ಕಾಶ್ಮೀರಿ ಗೇಟಿನ ಪೇಟೆ ಇದೆ. ಆದರೆ ರಬ್ಬರ್ ಸೀಲ್‌ನಂತಹ ಸಣ್ಣ ವಸ್ತುವಿನಲ್ಲಿ ಅಗ್ಗವನ್ನು ಹುಡುಕಬಾರದು.

ಎರಡನೆಯದಾಗಿ, ಆಹಾರ. ತಯಾರಕರು ಸೂಚಿಸಿದ ದರ್ಜೆಯ ಆಯಿಲನ್ನೇ ಹಾಕಬೇಕು. 5ಡಬ್ಲ್ಯು-40 ಎಂಬಲ್ಲಿ 'ಡಬ್ಲ್ಯು' ಚಳಿಗಾಲದ ಸಂಕೇತ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಚಳಿಯಲ್ಲಿ ಆಯಿಲ್ ಬೇಗ ಹರಿಯುತ್ತದೆ. ಗುರುತಿನ ಗೆರೆಗಿಂತ ಮೇಲೆ ತುಂಬಿಸುವುದರಿಂದಲೂ ಹೊಗೆ ಹೆಚ್ಚುತ್ತದೆ.

ಮೂರನೆಯದಾಗಿ, ವ್ಯಾಯಾಮ. ವಾರಕ್ಕೊಮ್ಮೆ ಐದು ನಿಮಿಷ ನಿಂತಲ್ಲೇ ಓಡಿಸಿ ಆರಿಸುವುದು ಉಪಕಾರವಲ್ಲ, ಅಪಕಾರ. ಉರಿಯದ ಪೆಟ್ರೋಲೂ ನೀರೂ ಆಯಿಲಿನೊಡನೆ ಬೆರೆಯುತ್ತವೆ. ಚಾಲೂ ಮಾಡಿದ ಅರ್ಧ ನಿಮಿಷದೊಳಗೆ ಮೆಲ್ಲಗೆ ಹೊರಟು, ಆಯಿಲ್ ಪೂರ್ತಿ ಬಿಸಿಯಾಗುವಂತೆ ಅರ್ಧ ಗಂಟೆಯಾದರೂ ಓಡಿಸಬೇಕು. ತಣ್ಣಗಿನ ಇಂಜಿನ್ನನ್ನು ಸದ್ದಿಗಾಗಿ ಗುಡುಗಿಸಬಾರದು.

ನಾಲ್ಕನೆಯದಾಗಿ, ನೆರೆಹೊರೆ. ಕಾರಿನ ಹಿಂಭಾಗ ಕಿಟಕಿಯ ಕಡೆಗೆ ಬರದಂತೆ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಬೇಕು. ಮಾಗಿಯಲ್ಲಿ ಬಿಸಿಲೇರಿದ ಮೇಲೆ ಹೊರಡುವುದು ಒಳಿತು. ಕೀಲಿ ತಿರುಗಿಸುವ ಮುನ್ನ ಒಮ್ಮೆ ಹಿಂದಕ್ಕೆ ಹೋಗಿ ಯಾರಾದರೂ ಇದ್ದಾರೆಯೇ ಎಂದು ನೋಡುವುದಕ್ಕೆ ಯಾವ ಖರ್ಚೂ ಇಲ್ಲ. ಬಟ್ಟೆಯ ಮುಖವಾಡ ಅನಿಲಗಳನ್ನು ತಡೆಯಲಾರದಾದುದರಿಂದ ಆ ಹುಡುಗನಿಗೆ ದೂರವೇ ರಕ್ಷಣೆ.

ಬೆಂಕಿಯಿಲ್ಲದೆ ಹೊಗೆಯಾಡದು ಎಂಬುದು ಹಿರಿಯರ ಮಾತು. ಹೊಗೆ ಕಂಡಲ್ಲಿ ಕಾರಣವೊಂದು ಇದ್ದೇ ಇರುತ್ತದೆ. ಅದನ್ನು ಹುಡುಕದೆ ಒಗ್ಗಿಕೊಳ್ಳುವುದೇ ನಿಜವಾದ ಅಪಾಯ. ದ್ವಾರಕೆಯ ಆ ಹಿರಿಯರು ತಮ್ಮ ಕಾರನ್ನು ಮಾರಬೇಕಿಲ್ಲ, ಬಾಲ್ಯದ ಆಸೆಗಾಗಿ ನಾಚಬೇಕೂ ಇಲ್ಲ. ಸೀಲ್‌ಗಳನ್ನು ಬದಲಾಯಿಸಿ, ಹತ್ತು ಗಂಟೆಯ ಬಿಸಿಲಿನಲ್ಲಿ, ಒರೆಸುವ ಹುಡುಗ ಪಕ್ಕಕ್ಕೆ ಸರಿದುದನ್ನು ನೋಡಿಕೊಂಡು ಕೀಲಿ ತಿರುಗಿಸಿದರೆ ಸಾಕು. ಕಾರಿನ ಸುಖ ಅವರದು. ಅದರ ಹೊಗೆಯ ಹೊಣೆಯೂ ಅವರದೇ ಆಗಿರುವುದು ನ್ಯಾಯ.