ಬೀದಿ ಬದಿಯಲ್ಲಿ ತೆರಿಗೆಯಿಲ್ಲದೆ ನಿಂತ ವಾಹನ: ನೆರೆಯವರು ಏನು ಮಾಡಬಹುದು?

ಹೆಮ್ಮಾಡಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರಿಂದ ಕೊಲ್ಲೂರು ರಸ್ತೆ ಕವಲೊಡೆಯುತ್ತದೆ. ಬಸ್ಸಿಗೆ ಕಾಯುವವರು, ಯಾತ್ರಿಕರ ವಾಹನಗಳು, ಶಾಲಾ ಮಕ್ಕಳು ಎಲ್ಲರೂ ಸೇರುವ ಜಾಗವಿದು. ಹೆದ್ದಾರಿ ಬಿಟ್ಟು ಒಳಗೆ ಹೋದರೆ ರಸ್ತೆಗಳು ಕಿರಿದು. ಇಂತಹ ರಸ್ತೆಯ ತಿರುವಿನಲ್ಲಿ ಒಂದು ಹಳೆಯ ಓಮ್ನಿಯೋ ಟೆಂಪೋವೋ ವರ್ಷಗಟ್ಟಲೆ ನಿಂತುಬಿಟ್ಟರೆ ಸುತ್ತಮುತ್ತಲಿನವರಿಗೆಲ್ಲ ತೊಂದರೆ. "ಅದಕ್ಕೆ ಟ್ಯಾಕ್ಸೂ ಇಲ್ಲ, ಇನ್ಶೂರೆನ್ಸೂ ಇಲ್ಲ" ಎಂದು ಬೆನ್ನ ಹಿಂದೆ ಮಾತನಾಡುವವರು ಅನೇಕರು. ಎದುರಿಗೆ ಹೇಳುವವರು ಕಡಿಮೆ. "ನಮಗೆ ಎಂತಕ್ಕೆ ಮಾರಾಯ್ರೆ" ಎಂದು ಸುಮ್ಮನಾಗುತ್ತೇವೆ, ಇಲ್ಲವೇ ಒಂದು ದಿನ ತಾಳ್ಮೆಗೆಟ್ಟು ಜಗಳವಾಡುತ್ತೇವೆ. ಇವೆರಡರ ನಡುವೆ ಒಂದು ಸರಿಯಾದ ದಾರಿ ಇದೆ. ಅದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ತೆರಿಗೆ ಇಲ್ಲ ಎಂದು ಹೇಳುವ ಮೊದಲು

ಕರ್ನಾಟಕದಲ್ಲಿ ವಾಹನ ತೆರಿಗೆಯನ್ನು 1957ರ ಕರ್ನಾಟಕ ಮೋಟಾರು ವಾಹನ ತೆರಿಗೆ ಕಾಯಿದೆಯ ಪ್ರಕಾರ ವಸೂಲು ಮಾಡಲಾಗುತ್ತದೆ. ಸ್ವಂತ ಬಳಕೆಯ ಸ್ಕೂಟರ್, ಬೈಕು, ಕಾರುಗಳಿಗೆ ನೋಂದಣಿ ಸಮಯದಲ್ಲಿಯೇ ಆಜೀವ ತೆರಿಗೆ ಕಟ್ಟಲಾಗಿರುತ್ತದೆ. ಆದ್ದರಿಂದ ಉಡುಪಿಯ ಕೆಎ-20 ನಂಬರಿನ ಹಳೆಯ ಕಾರು ನಿಂತಿದೆ ಎಂದ ಮಾತ್ರಕ್ಕೆ ಅದರ ತೆರಿಗೆ ಬಾಕಿ ಇದೆ ಎಂದಲ್ಲ. ಅಲ್ಲಿ ಮುಗಿದಿರುವುದು ಹೆಚ್ಚಾಗಿ ವಿಮೆ ಅಥವಾ ನೋಂದಣಿ. ಸ್ವಂತ ವಾಹನದ ನೋಂದಣಿಗೆ 15 ವರ್ಷಗಳ ಅವಧಿ ಇದ್ದು, ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಲಾರಿ, ಬಸ್ಸುಗಳಂತಹ ದೊಡ್ಡ ಬಾಡಿಗೆ ವಾಹನಗಳ ವಿಷಯ ಬೇರೆ. ಅವುಗಳಿಗೆ ಸಾಮಾನ್ಯವಾಗಿ ಮೂರು ತಿಂಗಳಿಗೊಮ್ಮೆ ತೆರಿಗೆ ಕಟ್ಟಬೇಕಾಗುತ್ತದೆ.

ನಮ್ಮಲ್ಲಿ ಅನೇಕ ಮನೆಗಳ ಮಕ್ಕಳು ಮುಂಬಯಿಯಲ್ಲಿ ದುಡಿಯುತ್ತಿದ್ದಾರೆ. ಮೇ ತಿಂಗಳಲ್ಲಿ, ಮೊಂತಿ ಹಬ್ಬಕ್ಕೆ, ಕ್ರಿಸ್ಮಸ್ಸಿಗೆ ಎಂಎಚ್ ನಂಬರಿನ ಕಾರುಗಳು ಊರಿಗೆ ಬರುತ್ತವೆ. ಇದು ತಪ್ಪಲ್ಲ. 1988ರ ಮೋಟಾರು ವಾಹನ ಕಾಯಿದೆಯ 47ನೇ ಕಲಮಿನ ಪ್ರಕಾರ ಹೊರ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಇಟ್ಟುಕೊಂಡರೆ ಮಾತ್ರ ಇಲ್ಲಿನ ನಂಬರು ಪಡೆಯಬೇಕು. 30 ದಿನ ಮೀರಿದರೆ ತೆರಿಗೆ ಕಟ್ಟಬೇಕೆಂದು ರಾಜ್ಯ ಸರಕಾರ 2014ರಲ್ಲಿ ತಂದ ತಿದ್ದುಪಡಿಯನ್ನು ಹೈಕೋರ್ಟು 2016ರಲ್ಲಿ ರದ್ದುಪಡಿಸಿತು. ಆದರೆ ವರ್ಷ ಕಳೆದ ಮೇಲೂ ಅದೇ ನಂಬರಿನಲ್ಲಿ ಅಂಗಳದಲ್ಲಿರುವ ಕಾರಿಗೆ ಈ ರಿಯಾಯಿತಿ ಇಲ್ಲ.

ಸಂಶಯವಿದ್ದರೆ ಸರಕಾರದ ಎಂ-ಪರಿವಾಹನ್ ಆ್ಯಪ್‌ನಲ್ಲಿ ವಾಹನದ ನಂಬರು ಹಾಕಿ ನೋಡಬಹುದು. ನೋಂದಣಿ ಮತ್ತು ವಿಮೆಯ ಅವಧಿ ಅಲ್ಲಿ ಕಾಣುತ್ತದೆ. ನೋಡಿದ್ದನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಂಚುವ ಅಗತ್ಯ ಖಂಡಿತ ಇಲ್ಲ.

ಓಡದ ಗಾಡಿಗೂ ತೆರಿಗೆಯೇ?

"ನಿಂತ ಗಾಡಿಗೆ ಎಂತ ಟ್ಯಾಕ್ಸ್?" ಎಂಬ ಪ್ರಶ್ನೆ ಸಹಜ. ಕರ್ನಾಟಕದ ಕಾಯಿದೆ ತೆರಿಗೆ ಹಾಕುವುದು ರಸ್ತೆಯಲ್ಲಿ ಓಡಿದ ವಾಹನಕ್ಕಲ್ಲ, ರಸ್ತೆಯಲ್ಲಿ ಓಡಿಸಲು ಯೋಗ್ಯವಾದ ವಾಹನಕ್ಕೆ. ನೋಂದಣಿ ಚಾಲ್ತಿಯಲ್ಲಿದ್ದರೆ ಅದು ಯೋಗ್ಯ ಎಂದೇ ಲೆಕ್ಕ. ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ 1987ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿದೆ. ಕೆಟ್ಟು ನಿಂತಿದ್ದರೂ ನೋಂದಣಿ ಚಾಲ್ತಿಯಲ್ಲಿ ಇರುವ ತನಕ ತೆರಿಗೆ ಬೆಳೆಯುತ್ತದೆ. ಬಳಸುವುದಿಲ್ಲ ಎಂದಾದರೆ ಆರ್‌ಟಿಒ ಕಚೇರಿಗೆ ಮುಂಚಿತವಾಗಿ ತಿಳಿಸಿ ದಾಖಲೆ ಒಪ್ಪಿಸಬೇಕು. ತಿಳಿಸದೆ ಟೆಂಪೋವನ್ನು ಹಲಸಿನ ಮರದಡಿ ನಿಲ್ಲಿಸಿದವರಿಗೆ ಮುಂದೊಂದು ದಿನ ದಂಡ ಸಮೇತ ಬಾಕಿ ಬರುವುದು ಈ ಕಾರಣಕ್ಕೆ.

ನಿಜವಾದ ಅಪಾಯ

ತೆರಿಗೆ ಸರಕಾರದ ನಷ್ಟ. ವಿಮೆ ಇಲ್ಲದಿರುವುದು ನೆರೆಯವನ ನಷ್ಟ. ಇಂತಹ ಗಾಡಿಯನ್ನು "ಸ್ವಲ್ಪ ಪೇಟೆಗೆ ಹೋಗಿ ಬರುವ" ಎಂದು ಒಂದು ದಿನ ಹೊರಗೆ ತೆಗೆದು, ಯಾರಿಗಾದರೂ ತಾಗಿದರೆ ಪರಿಹಾರ ಕೊಡಲು ವಿಮಾ ಕಂಪೆನಿ ಇರುವುದಿಲ್ಲ. ಗಾಯಗೊಂಡವರ ಮನೆಯವರು ಕೋರ್ಟು ಅಲೆಯಬೇಕು, ಮಾಲೀಕನ ಮನೆ, ಜಾಗಕ್ಕೂ ಕುತ್ತು ಬರಬಹುದು. ವಿಮೆ ಇಲ್ಲದೆ ವಾಹನ ಬಳಸಿದರೆ 2019ರ ತಿದ್ದುಪಡಿಯ ಪ್ರಕಾರ ಮೊದಲ ಸಲ 2,000 ರೂ., ಮತ್ತೆ ತಪ್ಪಿದರೆ 4,000 ರೂ. ದಂಡವಿದ್ದು, 3 ತಿಂಗಳ ತನಕ ಜೈಲು ಶಿಕ್ಷೆಯನ್ನೂ ವಿಧಿಸಬಹುದು.

ಮಳೆಗಾಲದಲ್ಲಿ ಇನ್ನೊಂದು ತೊಂದರೆ. ಹಳೆಯ ಟಯರು, ಒಡೆದ ಲೈಟು, ಟೆಂಪೋದ ಹಿಂಬದಿಯಲ್ಲಿ ನೀರು ನಿಂತು ಸೊಳ್ಳೆ ಬೆಳೆಯುತ್ತದೆ. 2024ರಲ್ಲಿ ಸರಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿ, ಸೊಳ್ಳೆ ಬೆಳೆಯಲು ಬಿಟ್ಟ ಗ್ರಾಮಾಂತರ ಮನೆಗಳಿಗೆ 200 ರೂ. ದಂಡ ಗೊತ್ತುಪಡಿಸಿತು. ಗಾಡಿ ಮಾಲೀಕನ ಸ್ವಂತ ಜಾಗದಲ್ಲೇ ಇದ್ದರೂ ಈ ವಿಷಯದಲ್ಲಿ ಪಂಚಾಯತಿಗೆ, ಆರೋಗ್ಯ ಕಾರ್ಯಕರ್ತೆಗೆ ತಿಳಿಸಬಹುದು.

ಮೂರು ಹೆಜ್ಜೆಗಳು

ತಪ್ಪಿದ ಸಹೋದರನೊಂದಿಗೆ ಹೇಗೆ ನಡೆದುಕೊಳ್ಳಬೇಕೆಂದು ಸಂತ ಮತ್ತಾಯರ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಕಲಿಸಿದ ಕ್ರಮವೊಂದಿದೆ. ಮೊದಲು ಒಬ್ಬನೇ ಹೋಗಿ ಮಾತು, ನಂತರ ಒಬ್ಬಿಬ್ಬರೊಂದಿಗೆ, ಕೊನೆಗೆ ಸಭೆಯ ಮುಂದೆ. ನೆರೆಯವರು ಯಾವ ಧರ್ಮದವರಾದರೂ ಈ ಕ್ರಮ ಇಲ್ಲಿಗೂ ಹೊಂದುತ್ತದೆ.

ಒಂದು: ನೇರವಾಗಿ ಮನೆಗೆ ಹೋಗಿ. ತೆರಿಗೆಯ ಮಾತಿನಿಂದ ಶುರು ಮಾಡಬೇಡಿ. "ಅಣ್ಣ, ತಿರುವಿನಲ್ಲಿ ನಿಮ್ಮ ಗಾಡಿ ಇರುವುದರಿಂದ ಮಕ್ಕಳಿಗೆ ಎದುರಿನ ಬಸ್ಸು ಕಾಣುವುದಿಲ್ಲ, ಸ್ವಲ್ಪ ಒಳಗೆ ಹಾಕಬಹುದಾ?" ಎಂದರೆ ಸಾಕು. ಗಾಡಿ ಕೆಟ್ಟಿದ್ದರೆ ನೂಕಲು ನಾಲ್ಕು ಜನ ಯುವಕರನ್ನು ಕರೆದುಕೊಂಡು ಬರುತ್ತೇನೆ ಎನ್ನಿ.

ಎರಡು: ಕೇಳದಿದ್ದರೆ ವಾಳೆಯ ಗುರಿಕಾರರನ್ನೋ ಇಬ್ಬರೂ ಗೌರವಿಸುವ ಹಿರಿಯರನ್ನೋ ಪಂಚಾಯತ್ ಸದಸ್ಯರನ್ನೋ ಜೊತೆಗೆ ಕರೆದುಕೊಂಡು ಹೋಗಿ.

ಮೂರು: ಅದೂ ಆಗದಿದ್ದರೆ ಕಾನೂನು. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕಾಲ ಬಿಟ್ಟುಹೋದ ವಾಹನವನ್ನು ಎಳೆದೊಯ್ಯಲು ಮೋಟಾರು ವಾಹನ ಕಾಯಿದೆಯ 127ನೇ ಕಲಮಿನಡಿ ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿ ಅನುಮತಿ ನೀಡಬಹುದು. ಸಂಚಾರಕ್ಕೆ ಅಪಾಯವಿದ್ದರೆ 10 ಗಂಟೆ ಕಾಯಬೇಕಾಗಿಲ್ಲ. ಖರ್ಚು ಮಾಲೀಕನದು. ವಾಹನದ ನಂಬರು, ನಿಂತ ಜಾಗ, ಎಷ್ಟು ದಿನದಿಂದ ಇದೆ, ಏನು ತೊಂದರೆ ಎಂದು ಬರೆದು ಠಾಣೆಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಒಂದು ಪ್ರತಿ ಪಂಚಾಯತಿಗೂ ಕೊಡಿ. ತೆರಿಗೆ, ನೋಂದಣಿಯ ವಿಷಯವಾದರೆ ಆರ್‌ಟಿಒ ಕಚೇರಿಗೆ ಬರೆಯಬೇಕು. ನಾವೇ ಗಾಳಿ ತೆಗೆಯುವುದು, ಗಾಜು ಒಡೆಯುವುದು, ಜೆಸಿಬಿ ತಂದು ಎಳೆಸುವುದು ಬೇಡ. ಆಗ ಅಪರಾಧಿ ನಾವಾಗುತ್ತೇವೆ.

ಬಾಗಿಲು ತಟ್ಟಿದಾಗ ಕಾಣುವುದು

ನಿಂತ ಗಾಡಿಯ ಹಿಂದೆ ಹಲವು ಬಾರಿ ಉಡಾಫೆಗಿಂತ ಸಂಕಟವೇ ಇರುತ್ತದೆ. ಗಂಡ ತೀರಿಕೊಂಡ ಮೇಲೆ ಅವರ ಸ್ಕೂಟರನ್ನು ಏನು ಮಾಡಬೇಕೆಂದು ವಿಧವೆಗೆ ಗೊತ್ತಿರುವುದಿಲ್ಲ. ಮಗ ಗಲ್ಫಿನಲ್ಲಿ, ಆರ್‌ಸಿ ಅವನ ಕಪಾಟಿನಲ್ಲಿ. ಚರ್ಚ್ ಕಾರ್ಯಕರ್ತರ ನಿಜವಾದ ಕೆಲಸ ಇರುವುದು ಇಲ್ಲಿ.

ಮಾಲೀಕರು ಮರಣ ಹೊಂದಿದರೆ 30 ದಿನದೊಳಗೆ ಆರ್‌ಟಿಒಗೆ ತಿಳಿಸಿ, 3 ತಿಂಗಳೊಳಗೆ ನಮೂನೆ 31ರಲ್ಲಿ ಹೆಸರು ಬದಲಾವಣೆಗೆ ಅರ್ಜಿ ಹಾಕಬೇಕು. ವಾಹನ ಮಾರಿದವರು 14 ದಿನದೊಳಗೆ ವರದಿ ಮಾಡಬೇಕು. ಹೆಸರು ಬದಲಾಗದಿದ್ದರೆ ದಾಖಲೆಯಲ್ಲಿರುವವನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಮುಂಬಯಿಯ ಕಾರನ್ನು ಇಲ್ಲೇ ಉಳಿಸುವವರು ಅಲ್ಲಿನ ಆರ್‌ಟಿಒದಿಂದ ನಮೂನೆ 28ರ ನಿರಾಕ್ಷೇಪಣಾ ಪತ್ರ ತರಬೇಕು. ಪೂರ್ತಿ ಹಾಳಾದ ಗಾಡಿಯಾದರೆ 14 ದಿನದೊಳಗೆ ತಿಳಿಸಿ ನೋಂದಣಿ ರದ್ದುಪಡಿಸಬೇಕು. 2021ರ ನಿಯಮಗಳ ಪ್ರಕಾರ ಅಧಿಕೃತ ಗುಜರಿ ಕೇಂದ್ರಕ್ಕೆ ಕೊಟ್ಟರೆ ಠೇವಣಿ ಪ್ರಮಾಣಪತ್ರ ಸಿಗುತ್ತದೆ. ಗುಜರಿಯವನಿಗೆ ಸುಮ್ಮನೆ ತೂಕಕ್ಕೆ ಹಾಕಿದರೆ ಗಾಡಿ ಹೋಗುತ್ತದೆ, ದಾಖಲೆಯಲ್ಲಿ ಹೆಸರು ಉಳಿಯುತ್ತದೆ.

ಅರ್ಜಿ ತುಂಬಲು ಐಸಿವೈಎಂ ಯುವಜನರು, ಕಚೇರಿಗೆ ಜೊತೆಯಾಗಿ ಹೋಗಲು ಕಥೊಲಿಕ್ ಸಭೆಯವರು, ಬಾಕಿ ಕಟ್ಟಲಾಗದ ಕುಟುಂಬಕ್ಕೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ನೆರವಾದರೆ ಅರ್ಧ ಸಮಸ್ಯೆ ಠಾಣೆಗೆ ಹೋಗದೆ ಮುಗಿಯುತ್ತದೆ.

ತೆರಿಗೆ ಕಟ್ಟುವುದು ನೈತಿಕ ಕರ್ತವ್ಯ ಎಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2240ನೇ ಅಂಕಣ ತಿಳಿಸುತ್ತದೆ. ನೆರೆಯವನಿಗೆ ಅದನ್ನು ನೆನಪಿಸುವ ಮೊದಲು ನಮ್ಮ ಅಂಗಳದಲ್ಲಿರುವ ಗಾಡಿಯ ಕಾಗದಪತ್ರವನ್ನು ಒಮ್ಮೆ ತೆಗೆದು ನೋಡೋಣ. ಬರುವ ಭಾನುವಾರ ಪೂಜೆಗೆ ಹೋಗುವಾಗ ಬೈಕು, ಕಾರನ್ನು ಚರ್ಚ್ ರಸ್ತೆಗೆ ಅಡ್ಡವಾಗದಂತೆ ನಿಲ್ಲಿಸುವುದರಿಂದ ಆರಂಭಿಸಬಹುದು.