ಪೌಲನ ಒಂದು ಚಿಕ್ಕ ಕಾಗದ

ಮಹಾಪುರುಷರ ಅಂತಃಕರಣವು ಅವರ ದೊಡ್ಡ ಬೋಧನೆಗಳಿಗಿಂತ ಸಣ್ಣ ಕಾಗದಗಳಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುವುದುಂಟು. ಕ್ರೈಸ್ತಮತದ ಆದಿಕಾಲದ ಅಪೊಸ್ತಲನಾದ ಪೌಲನು ಫಿಲೆಮೋನನೆಂಬ ಗೃಹಸ್ಥನಿಗೆ ಬರೆದ ಪತ್ರವು ಅಂಥದು. ಅದರ ವಿಷಯವನ್ನು ನಾವು ಇಲ್ಲಿ ವಾಚಕರಿಗೆ ನಿವೇದಿಸುತ್ತೇವೆ.

ಪೌಲನು ಈಗಿನ ತುರ್ಕಿ ದೇಶದಲ್ಲಿರುವ ತಾರ್ಸ ಪಟ್ಟಣದ ಯೆಹೂದ್ಯನು. ಹುಟ್ಟಿನಿಂದಲೇ ರೋಮಿನ ಪೌರನು. ಯೆರೂಸಲೇಮಿನಲ್ಲಿ ಗಮಲಿಯೇಲನೆಂಬ ಪಂಡಿತನ ಬಳಿ ಧರ್ಮಶಾಸ್ತ್ರವನ್ನು ಕಲಿತನು. ಸೌಲನೆಂಬ ಹೆಸರಿನಿಂದಿದ್ದ ಆತನು ಮೊದಲು ಕ್ರಿಸ್ತನ ಅನುಯಾಯಿಗಳನ್ನು ಹಿಡಿದು ಸೆರೆಗೆ ಹಾಕಿಸುತ್ತಿದ್ದನು. ದಮಸ್ಕದ ದಾರಿಯಲ್ಲಿ ಕಂಡ ದರ್ಶನದಿಂದ ಮನಸ್ಸು ತಿರುಗಿ, ತಾನು ಹಿಂಸಿಸಿದ ಮತವನ್ನೇ ಸಾರತೊಡಗಿದನು. ಎಫೆಸ, ಫಿಲಿಪ್ಪಿ, ಕೊರಿಂಥ ಮೊದಲಾದ ಪಟ್ಟಣಗಳನ್ನು ಸಂಚರಿಸಿದನು. ಡೇರೆ ಮಾಡುವ ಕಸುಬಿನಿಂದ ತನ್ನ ಅನ್ನವನ್ನು ತಾನೇ ಸಂಪಾದಿಸಿಕೊಂಡನು.

ತಾನು ಕಟ್ಟಿದ ಸಭೆಗಳಿಗೆ ಆತನು ದೂರದಿಂದ ಕಾಗದಗಳನ್ನು ಕಳುಹಿಸುತ್ತಿದ್ದನು. ಆತನ ಹೆಸರಿನಲ್ಲಿ 13 ಪತ್ರಗಳು ಉಳಿದಿವೆ. ಅವುಗಳಲ್ಲಿ 7 ಆತನವೇ ಎಂಬುದರಲ್ಲಿ ವಿದ್ವಾಂಸರಿಗೆ ಸಂಶಯವಿಲ್ಲ. ನಾಲ್ಕು ಸುವಾರ್ತೆಗಳಿಗಿಂತಲೂ ಇವು ಹಳೆಯವು. ಫಿಲೆಮೋನನ ಪತ್ರವು ಎಲ್ಲಕ್ಕೂ ಚಿಕ್ಕದು. 25 ವಚನಗಳು ಮಾತ್ರ.

ಫಿಲೆಮೋನನ ದಾಸನಾದ ಓನೇಸಿಮನು ಒಡೆಯನನ್ನು ಅಗಲಿ, ಸೆರೆಯಲ್ಲಿದ್ದ ಪೌಲನ ಬಳಿ ಸೇರಿದನು. ತಪ್ಪಿಸಿಕೊಂಡು ಹೋದ ದಾಸನನ್ನು ಕಠಿನವಾಗಿ ದಂಡಿಸುವ ಅಧಿಕಾರವು ಆ ಕಾಲದ ಒಡೆಯರಿಗಿತ್ತು. ಪೌಲನು ಅವನನ್ನು ಕಾಗದದೊಂದಿಗೆ ಹಿಂದಕ್ಕೆ ಕಳುಹಿಸಿದನು. ಇನ್ನು ಅವನನ್ನು ದಾಸನಂತಲ್ಲ, ಸಹೋದರನಂತೆ ಬರಮಾಡಿಕೊಳ್ಳಬೇಕೆಂದೂ, ಅವನಿಂದ ನಷ್ಟವಾಗಿದ್ದರೆ ಅದನ್ನು ತಾನೇ ತೀರಿಸುವೆನೆಂದೂ ಸ್ವಹಸ್ತದಿಂದ ಬರೆದನು. ಓನೇಸಿಮನೆಂದರೆ ಗ್ರೀಕ್ ಭಾಷೆಯಲ್ಲಿ 'ಪ್ರಯೋಜನಕಾರಿ'. ಆ ಹೆಸರಿನ ಮೇಲೆ ಒಂದು ವಿನೋದವನ್ನೂ ಮಾಡಿದ್ದಾನೆ. ಪತ್ರವು ಫಿಲೆಮೋನನೊಬ್ಬನಿಗಲ್ಲದೆ, ಅವನ ಮನೆಯಲ್ಲಿ ಕೂಡುತ್ತಿದ್ದ ಸಭೆಗೂ ಬರೆದದ್ದು. ಹೀಗಾಗಿ ಒಡೆಯನು ನೆರೆದವರೆಲ್ಲರೆದುರಿಗೆ ಉತ್ತರವಾದಿಯಾದನು.

ಆದರೂ ದಾಸ್ಯವೇ ಅನ್ಯಾಯವೆಂದು ಪೌಲನು ನೇರವಾಗಿ ನುಡಿಯಲಿಲ್ಲ. ಅದರಿಂದಲೇ ಅಮೆರಿಕದಲ್ಲಿ 1865ರಲ್ಲಿ ದಾಸ್ಯವು ರದ್ದಾಗುವವರೆಗೂ ಅದನ್ನು ಸಮರ್ಥಿಸುವವರೂ ವಿರೋಧಿಸುವವರೂ ಇದೇ ಪತ್ರವನ್ನು ಆಧಾರವಾಗಿ ತೋರಿಸಿದರು. ಒಬ್ಬರು 'ಹಿಂದಕ್ಕೆ ಕಳುಹಿಸಿದನು' ಎಂಬುದನ್ನು ಹಿಡಿದರು. ಮತ್ತೊಬ್ಬರು 'ಸಹೋದರನು' ಎಂಬುದನ್ನು.

ಪೌಲನು ನೀರೋ ಚಕ್ರವರ್ತಿಯ ಕಾಲದಲ್ಲಿ ರೋಮಿನಲ್ಲಿ ಶಿರಚ್ಛೇದಕ್ಕೆ ಗುರಿಯಾದನೆಂದು ಪರಂಪರೆಯು ಹೇಳುತ್ತದೆ. ಫಿಲೆಮೋನನ ಉತ್ತರವು ಉಳಿದುಬಂದಿಲ್ಲ. ಸಹೋದರನೆಂದು ಒಪ್ಪಿದವನನ್ನು ದಾಸನಾಗಿಯೂ ಇಟ್ಟುಕೊಳ್ಳುವುದು ಹೇಗೆ? ಈ ಪ್ರಶ್ನೆಯನ್ನು ಒಬ್ಬ ಗೃಹಸ್ಥನ ಬಾಗಿಲಲ್ಲಿ ಇಟ್ಟುಹೋದದ್ದೇ ಆ ಸೆರೆಯಾಳಿನ ದೊಡ್ಡ ಕಾರ್ಯವೆಂದು ನಾವು ಭಾವಿಸುತ್ತೇವೆ. ಪರರ ದುಡಿಮೆಯಿಂದ ನಡೆಯುವ ಪ್ರತಿಯೊಂದು ಮನೆಯೂ ಅದಕ್ಕೆ ತನ್ನ ಉತ್ತರವನ್ನು ಕೊಡಬೇಕಾಗಿದೆ.