ಉಳಿ, ಕರಣೆ, ಪಾಠ: ರಾಯಲ್ಪಾಡಿನ ನೀಲ್‌ಬಾಗ್ ಶಾಲೆ

ನೀಲ್‌ಬಾಗ್ ಶಾಲೆ 1972ರಲ್ಲಿ ಶುರುವಾದದ್ದು ಶ್ರೀನಿವಾಸಪುರ ತಾಲ್ಲೂಕಿನ ರಾಯಲ್ಪಾಡಿನ ಹತ್ತಿರ. ಅದೇ ತಾಲ್ಲೂಕಿನ ಯಲ್ದೂರಿನಂತೆ ಇದೂ ಮಾವಿನ ತೋಪುಗಳ, ಕೆರೆ ನೀರನ್ನು ನಂಬಿದ ಸೀಮೆ. ಆಂಧ್ರದ ಗಡಿ ಪಕ್ಕದಲ್ಲೇ ಇರುವುದರಿಂದ ಇಲ್ಲಿನ ಹಲವು ಮನೆಗಳಲ್ಲಿ ತೆಲುಗೇ ಮಾತು. ಶಾಲೆ ಕಟ್ಟಿದ ಡೇವಿಡ್ ಹಾರ್ಸ್‌ಬರ್ಗ್ ಇಂಗ್ಲೆಂಡಿನವರು. ಎರಡನೇ ಮಹಾಯುದ್ಧದ ಕಾಲದಲ್ಲಿ ವಾಯುಪಡೆಯವರಾಗಿ ಭಾರತಕ್ಕೆ ಬಂದು, ಮುಂದೆ ಮದನಪಲ್ಲಿ ಬಳಿಯ ಋಷಿ ವ್ಯಾಲಿ ಶಾಲೆಯಲ್ಲಿ ಪಾಠ ಹೇಳಿದರು, ಮಕ್ಕಳಿಗಾಗಿ ಪಠ್ಯಪುಸ್ತಕಗಳನ್ನು ಬರೆದರು. ನೀಲ್‌ಬಾಗ್‌ನಲ್ಲಿ ಪತ್ನಿ ಡೋರೀನ್ ಮತ್ತು ಮಗ ನಿಕೊಲಸ್ ಅವರ ಜೊತೆಗೆ ದುಡಿದರು. ಕಲಿಯಲು ಬಂದವರು ಸುತ್ತಲಿನ ಹಳ್ಳಿಗಳ ಮಕ್ಕಳು.

ಅಲ್ಲಿ ಇಂಗ್ಲಿಷ್, ಗಣಿತ, ತೆಲುಗು, ಸಂಸ್ಕೃತಗಳಿಗೆ ಇದ್ದಷ್ಟೇ ಮರ್ಯಾದೆ ಬಡಗಿ ಕೆಲಸ, ಗಾರೆ ಕೆಲಸ, ಹೊಲಿಗೆ, ತೋಟಗಾರಿಕೆ ಮತ್ತು ಸಂಗೀತಕ್ಕೂ ಇತ್ತು. ಪರೀಕ್ಷೆ ಇರಲಿಲ್ಲ, ಬಹುಮಾನವೂ ಇಲ್ಲ, ಶಿಕ್ಷೆಯೂ ಇಲ್ಲ. ಬೇರೆ ಬೇರೆ ವಯಸ್ಸಿನವರು ಒಟ್ಟಿಗೆ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಿದ್ದರು. ಇದಕ್ಕಾಗಿ ಹಾರ್ಸ್‌ಬರ್ಗ್ ಹಂತಹಂತವಾಗಿ ಜೋಡಿಸಿದ ಪಾಠಸಾಮಗ್ರಿಯನ್ನು ತಯಾರಿಸಿದ್ದರು. ಅದರಲ್ಲಿ ರೇಖಾಚಿತ್ರಗಳಿದ್ದವು, ನಡುನಡುವೆ ಒಂದಿಷ್ಟು ತಮಾಷೆಯೂ ಇತ್ತು. ದೊಡ್ಡ ಗ್ರಂಥಾಲಯವೊಂದು ಶಿಕ್ಷಕರಿಗೂ ಮಕ್ಕಳಿಗೂ ಸಮಾನವಾಗಿ ತೆರೆದಿತ್ತು.

ಕೈಕೆಲಸ ಪಾಠವಾಗುವುದು ಹೇಗೆ ಎಂಬುದನ್ನು ಗಾರೆ ಕೆಲಸದಲ್ಲೇ ನೋಡಬಹುದು. ಗೋಡೆಯ ಮೂಲೆ ಹಿಡಿಯುವಾಗ ಮೇಸ್ತ್ರಿ ಒಂದು ದಾರದ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿ ಗುರುತು ಹಾಕಿ, ಆ ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬರುವವರೆಗೆ ದಾರ ಸರಿಸುತ್ತಾನೆ. ಪೈಥಾಗೊರಸ್ ಪ್ರಮೇಯವೇ ಅದು. ಪುಸ್ತಕದಲ್ಲಿ ಲೆಕ್ಕ ತಪ್ಪಿದರೆ ಕೆಂಪು ಗೀಟು ಬೀಳುತ್ತದೆ, ಅದನ್ನು ಹಾಕುವವರು ಮೇಷ್ಟ್ರು. ಇಲ್ಲಿ ತಪ್ಪಿದರೆ ಗೋಡೆಯೇ ಸೊಟ್ಟಗಾಗುತ್ತದೆ, ಮಗು ಅದನ್ನು ತಾನೇ ಕಂಡು ತಾನೇ ಬಿಚ್ಚಿ ಕಟ್ಟುತ್ತದೆ. ಪರೀಕ್ಷೆಯಿಲ್ಲದೆಯೂ ಕಲಿಕೆ ಬಿಗಿಯಾಗಿರಲು ಸಾಧ್ಯವಾಗುವುದು ಇದರಿಂದಲೇ.

ಯಲ್ದೂರು ಕಡೆಯ ಮಕ್ಕಳಿಗೆ ಇನ್ನೂ ಹತ್ತಿರದ ಪಾಠ ಮಾವಿನ ತೋಪು. ಸಾಲಿಂದ ಸಾಲಿಗೆ, ಗಿಡದಿಂದ ಗಿಡಕ್ಕೆ 33 ಅಡಿ ಬಿಟ್ಟು ನೆಟ್ಟರೆ ಒಂದು ಗಿಡಕ್ಕೆ 1,089 ಚದರಡಿ ಸಿಗುತ್ತದೆ; ಅಂದರೆ ಸರಿಯಾಗಿ ಒಂದು ಗುಂಟೆ. 40 ಗುಂಟೆಯ ಎಕರೆಗೆ 40 ಗಿಡ. ಟೇಪು ಹಿಡಿದು ತೋಪಿನಲ್ಲಿ ಓಡಾಡಿದ ಮಗುವಿಗೆ ವರ್ಗ, ವಿಸ್ತೀರ್ಣ, ಪಹಣಿಯಲ್ಲಿನ ಎಕರೆ-ಗುಂಟೆ ಎಲ್ಲವೂ ಒಂದೇ ಬೆಳಗ್ಗೆಯಲ್ಲಿ ಅರ್ಥವಾಗುತ್ತವೆ. ಅಲ್ಲಿಂದ ಮುಂದೆ ಹೂ ಬಿಡುವ ಕಾಲ, ಜಿಗಿಹುಳು, ಕಸಿ ಕಟ್ಟುವ ಬಗೆ, ಮಂಡಿಯ ದರ ಎಂದು ಕೆಲಸ ತಾನಾಗಿ ಬೆಳೆಯುತ್ತದೆ. ಪ್ರಾಜೆಕ್ಟ್ ಎಂಬ ಮಾತಿಗೆ ಇದೇ ಸರಿಯಾದ ಅರ್ಥ. ಅಂಗಡಿಯಿಂದ ಚಾರ್ಟು ತಂದು ಅಂಟಿಸುವುದಕ್ಕೂ ಅದೇ ಹೆಸರು ಬಂದುಬಿಟ್ಟಿರುವುದು ದುಃಖದ ಸಂಗತಿ.

ಕೆಲಸದ ಮೂಲಕ ಕಲಿಯುವ ಈ ವಿಚಾರ ನೀಲ್‌ಬಾಗ್‌ಗಿಂತ ಹಳೆಯದು. ಅಮೆರಿಕದಲ್ಲಿ ಜಾನ್ ಡ್ಯೂಯಿ ಇದನ್ನು ಪ್ರತಿಪಾದಿಸಿದರು. ವಿಲಿಯಂ ಕಿಲ್‌ಪ್ಯಾಟ್ರಿಕ್ 1918ರಲ್ಲಿ ಪ್ರಾಜೆಕ್ಟ್ ವಿಧಾನದ ಮೇಲೆ ಪ್ರಬಂಧ ಬರೆದರು. 1937ರ ವಾರ್ಧಾ ಸಮ್ಮೇಳನದಲ್ಲಿ ಗಾಂಧೀಜಿ ಕಸುಬನ್ನೇ ಕಲಿಕೆಯ ನಡುವಿಗೆ ತಂದ ನಯೀ ತಾಲೀಮನ್ನು ಮುಂದಿಟ್ಟರು.

ಹಾರ್ಸ್‌ಬರ್ಗ್ 1984ರಲ್ಲಿ ತೀರಿಕೊಂಡರು. ಅವರು ಶಿಕ್ಷಕರನ್ನೂ ಸಣ್ಣ ಗುಂಪುಗಳಲ್ಲಿ, ಶಾಲೆಯ ಬದುಕಿನೊಳಗೇ ತರಬೇತುಗೊಳಿಸಿದ್ದರು. ಅಲ್ಲಿ ಕಲಿತ ಮಾಲತಿ ಬೆಂಗಳೂರಿನ ಹೊರವಲಯದಲ್ಲಿ ವಿಕಾಸನ ಶಾಲೆಯನ್ನು ನಡೆಸಿದರು. ಹಂತಹಂತದ ಪಾಠಸಾಮಗ್ರಿಯ ಇದೇ ಹಾದಿಯಲ್ಲಿ ಋಷಿ ವ್ಯಾಲಿಯ ಗ್ರಾಮೀಣ ಶಿಕ್ಷಣ ಕೇಂದ್ರವೂ ಒಬ್ಬರೇ ಶಿಕ್ಷಕರಿರುವ ಹಳ್ಳಿ ಶಾಲೆಗಳಿಗೆಂದು ಕಾರ್ಡುಗಳ ಕಲಿಕಾ ಏಣಿಯನ್ನು ರೂಪಿಸಿತು. ಅದನ್ನು ನೋಡಿಬಂದ ಸರ್ಕಾರಿ ಶಾಲೆಯ ಶಿಕ್ಷಕರು ಯುನಿಸೆಫ್ ನೆರವಿನಿಂದ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಎಂಬ ಕಲಿಕಾ ವಿಧಾನವನ್ನು ಆರಂಭಿಸಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು ಮತ್ತು ಎರಡನೇ ತರಗತಿಗಳಿಗೆ ವಿಸ್ತರಿಸಿತು.

ಹೀಗೆ ದೊಡ್ಡದಾಗಿ ಹರಡಿದ್ದು ಕಾರ್ಡು, ಏಣಿ, ಬಹುವಯಸ್ಸಿನ ಗುಂಪು. ಮುದ್ರಿಸಿ ಕಳಿಸಲು, ತರಬೇತಿಯಲ್ಲಿ ತೋರಿಸಲು ಬರುವಂಥವು ಇವು. ಉಳಿ, ಕರಣೆ, ಹೊಲಿಗೆ ಸೂಜಿಗಳಿಗೆ ಅದೇ ದಾರಿ ಸಿಗಲಿಲ್ಲ. ಉಳಿ ಹಿಡಿದ ಮಗುವಿನ ಪಕ್ಕದಲ್ಲಿ ಹಿರಿಯರೊಬ್ಬರು ನಿಂತಿರಬೇಕು. ಅದಕ್ಕೆ ಮಕ್ಕಳ ಸಂಖ್ಯೆ ಕಡಿಮೆ ಇರಬೇಕು, ಗಂಟೆ ಬಾರಿಸಿದ ಕೂಡಲೇ ಕೆಲಸ ನಿಲ್ಲಿಸುವ ಅವಸರ ಇರಬಾರದು. ರಾಯಲ್ಪಾಡಿನ ಪುಟ್ಟ ಶಾಲೆಯಲ್ಲಿ ಈ ಎರಡೂ ಅನುಕೂಲಗಳಿದ್ದವು.